ಗನ್ ಆರಿಸೋ ಮುಂಚೆ ಕೈ ನೋಡ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರೋರು ಡ್ಯೂಟಿಗೆ ಯಾವ ಪಿಸ್ತೂಲು ಇಟ್ಕೋಬೇಕು ಅಂತ ನಿಮ್ಮ ಪೇಪರ್‌ನಲ್ಲಿ ಬಂದ ಲೇಖನ ಓದ್ದೆ. ಕಷ್ಟಪಟ್ಟು ಬರ್ದಿದಾರೆ, ಅದ್ರಲ್ಲಿ ಎರಡು ಮಾತಿಲ್ಲ. ಯಾವ ಗನ್ ಎಷ್ಟು ರೌಂಡ್, ಅಂದ್ರೆ ಗುಂಡು, ಹಿಡಿಯತ್ತೆ, ಬ್ಯಾರೆಲ್ ಎಷ್ಟುದ್ದ, ಬುಲೆಟ್ ಎಷ್ಟು ಸ್ಪೀಡಲ್ಲಿ ಹೋಗತ್ತೆ, ಎಲ್ಲಾ ಟೇಬಲ್ ಹಾಕಿ ಕೊಟ್ಟಿದಾರೆ. ಆದ್ರೆ ಪೂರ್ತಿ ಓದಿ ಮುಗಿಸಿದ್ಮೇಲೂ ಅದ್ರಲ್ಲಿ ನಂಗೆ ಸಿಗದೇ ಹೋಗಿದ್ದು ಆ ಗನ್ ಹಿಡಿಯೋ ಕೈ ಬಗ್ಗೆ ಒಂದೇ ಒಂದು ಸಾಲು. ರೇಂಜಲ್ಲಿ ಹೊಸಬರ ಬೆನ್ನ ಹಿಂದೆ ನಿಂತ್ಕೊಂಡು ಗನ್ ಹೊಡೆಯೋದು ಕಲಿಸೋದೇ ನನ್ನ ಕೆಲಸ ಆಗಿತ್ತು, ಈಗ ರಿಟೈರ್ ಆಗಿದೀನಿ, ಅದಕ್ಕೇ ಸುಮ್ನೆ ಇರಕ್ಕಾಗ್ದೆ ಬರೀತಿದೀನಿ. ಪತ್ರ ಸ್ವಲ್ಪ ಉದ್ದ ಆಗತ್ತೆ, ಜಾಗ ಇದ್ರೆ ಪೂರ್ತಿ ಹಾಕಿ, ಯಾಕಂದ್ರೆ ಈ ವಿಷಯ ಅರ್ಧ ಹೇಳಿದ್ರೆ ಹೇಳ್ದೇ ಇದ್ದಷ್ಟೇ ಸಮ.

ಮೊದ್ಲು ಒಂದು ಮಾತು. ಕೆಲವು ಇಲಾಖೆಗಳಲ್ಲಿ ಎಲ್ರಿಗೂ ಒಂದೇ ಗನ್ ಕೊಟ್ಬಿಡ್ತಾರೆ, ಅಲ್ಲಿ ಆರಿಸೋ ಪ್ರಶ್ನೆನೇ ಬರಲ್ಲ. ಇನ್ನು ಕೆಲವು ಕಡೆ ಒಪ್ಪಿಗೆ ಆದ ಮಾಡೆಲ್‌ಗಳ ಒಂದು ಪಟ್ಟಿ ಇರತ್ತೆ, ಅದ್ರಲ್ಲಿ ನಿಂಗೆ ಬೇಕಾದ್ದು ತಗೋ ಅಂತಾರೆ. ನ್ಯೂಯಾರ್ಕ್ ಪೊಲೀಸ್ ಇಲಾಖೆ 1993ರಲ್ಲಿ ರಿವಾಲ್ವರ್ ಬಿಟ್ಟು 9 ಎಂಎಂ ಪಿಸ್ತೂಲಿಗೆ ಬಂದಾಗ ಹೀಗೇ ಮಾಡಿದ್ದು, ಗ್ಲಾಕ್ 19, ಸ್ಮಿತ್ ಆಂಡ್ ವೆಸನ್ 5946, ಸಿಗ್ ಪಿ226, ಈ ಮೂರರಲ್ಲಿ ಒಂದು. ಪಟ್ಟಿ ಕೈಗೆ ಸಿಕ್ಕ ತಕ್ಷಣ ಹೊಸ ಹುಡುಗ್ರು ಮಾಡೋದೇನು ಅಂದ್ರೆ, ಸೀನಿಯರ್ ಒಬ್ರ ಸೊಂಟದಲ್ಲಿ ಯಾವುದಿದೆ ನೋಡಿ ಅದನ್ನೇ ತಗೋತಾರೆ, ಇಲ್ಲಾ ವಿಡಿಯೋದಲ್ಲಿ ಯಾರೋ ಹೊಗಳಿದ್ದನ್ನ ತಗೋತಾರೆ. ಎರಡೂ ತಪ್ಪು ದಾರಿ, ಯಾಕಂದ್ರೆ ಆ ಸೀನಿಯರ್ ಕೈ ಬೇರೆ, ನಿಮ್ಮ ಕೈ ಬೇರೆ.

ನಂಗೆ ಇದು ಎಷ್ಟು ಮುಖ್ಯ ಅಂತ ಅರ್ಥ ಆಗಿದ್ದು ಒಬ್ಬ ಹುಡುಗಿ ಕೈ ನೋಡಿ. ಓಟದಲ್ಲಿ, ಕಾನೂನಿನ ಪರೀಕ್ಷೆಯಲ್ಲಿ, ಎಲ್ಲಾದ್ರಲ್ಲೂ ಬ್ಯಾಚಿಗೇ ಮುಂದೆ ಇದ್ದೋಳು, ಗನ್ ಹಿಡಿದ್ಲು ಅಂದ್ರೆ ಮಾತ್ರ ಟಾರ್ಗೆಟ್‌ನಲ್ಲಿ ಎಲ್ಲಾ ತೂತೂ ಎಡಗಡೆ ಕೆಳಗೆ ಗುಂಪಾಗಿ ಬೀಳ್ತಿತ್ತು. ಎಲ್ರೂ ಅವಳಿಗೆ ಹೇಳಿದ್ದು ಒಂದೇ, ಸೌಂಡಿಗೆ ಹೆದರ್ತಿದೀಯ, ಟ್ರಿಗರ್ ಜಗ್ತಿದೀಯ ಅಂತ. ಪಾಪ ಅವಳೂ ಅದನ್ನೇ ನಂಬ್ಕೊಂಡು ದಿನಾ ರಾತ್ರಿ ಖಾಲಿ ಗನ್ನಲ್ಲಿ ಪ್ರಾಕ್ಟೀಸ್ ಮಾಡ್ತಿದ್ಲು. ಪಕ್ಕಕ್ಕೆ ಹೋಗಿ ಅವಳ ಕೈನ ಸರಿಯಾಗಿ ನೋಡಿದ್ರೆ ವಿಷಯಾನೇ ಬೇರೆ ಇತ್ತು. ಗನ್ನಿನ ಹಿಂಭಾಗ ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯ ಇರೋ ಸಂದಿಯಲ್ಲಿ ಕೂರ್ಬೇಕು, ಅವಳ ಕೈಯಲ್ಲಿ ಅದು ಹೆಬ್ಬೆರಳಿನ ಗೆಣ್ಣಿನ ಮೇಲೆ ಕೂತಿತ್ತು. ಯಾಕಂದ್ರೆ ಗ್ರಿಪ್ ದಪ್ಪ, ಬೆರಳು ಚಿಕ್ಕದು, ಸರಿಯಾಗಿ ಹಿಡಿದ್ರೆ ಬೆರಳು ಟ್ರಿಗರ್ ತನಕ ಮುಟ್ಟಲ್ಲ, ಹಾಗಾಗಿ ಇಡೀ ಗನ್ನನ್ನೇ ಕೈಯಲ್ಲಿ ತಿರುಗಿಸ್ಕೊಂಡು ಹೆಂಗೋ ಬೆರಳ ತುದಿ ಮುಟ್ಟಿಸ್ತಿದ್ಲು. ತುದಿಯಲ್ಲಿ ಒತ್ತಿದಾಗ ಟ್ರಿಗರ್ ನೇರ ಹಿಂದಕ್ಕೆ ಬರಲ್ಲ, ಗನ್ನನ್ನೇ ಎಡಕ್ಕೆ ತಳ್ಳತ್ತೆ. ಅಷ್ಟೇ ಕಾರಣ. ಗ್ರಿಪ್ಪಿನ ಹಿಂದಿನ ತುಂಡು ಬಿಚ್ಚಿ ಚಿಕ್ಕ ಸೈಜಿಂದು ಹಾಕಿ ಕೊಟ್ವಿ, ಕೈ ಮೇಲಕ್ಕೆ ಕೂರಿಸಿ ಹಿಡಿಯೋದು ತೋರಿಸಿದ್ವಿ, ಅವತ್ತೇ ಗುಂಪು ಮಧ್ಯಕ್ಕೆ ಬಂತು. ಅವಳ ಮುಖದಲ್ಲಿ ಖುಷಿಗಿಂತ ಜಾಸ್ತಿ ಸಿಟ್ಟಿತ್ತು, ಇಷ್ಟು ದಿನ ನನ್ನದೇ ತಪ್ಪು ಅನ್ಕೊಂಡಿದ್ನಲ್ಲ ಸರ್ ಅಂದ್ಲು. ಆ ಸಿಟ್ಟು ನ್ಯಾಯವಾದ್ದೇ.

ಇಂಥದ್ದು ಎಷ್ಟು ಜನಕ್ಕೆ ಆಗ್ತಿದೆಯೋ. ಗನ್ನುಗಳನ್ನ ತುಂಬಾ ಕಾಲ ದೊಡ್ಡ ಗಂಡಸ್ರ ಕೈ ಅಳತೆಗೇ ಮಾಡ್ತಿದ್ರು, ಚಿಕ್ಕ ಕೈಯವರು ಹೊಂದ್ಕೊಳ್ಳಲಿ ಅನ್ನೋ ಲೆಕ್ಕ. ಈಗ ಹಾಗಿಲ್ಲ. ಸ್ಮಿತ್ ಆಂಡ್ ವೆಸನ್‌ನವರ ಎಂ ಆಂಡ್ ಪಿ 2005ರಲ್ಲಿ ಬಂದಾಗಿಂದ ಅದ್ರ ಜೊತೆ ಬೇರೆ ಬೇರೆ ಸೈಜಿನ ಹಿಂದಿನ ತುಂಡು ಬರತ್ತೆ, ಗ್ಲಾಕ್‌ನವರು 2010ರಲ್ಲಿ ನಾಲ್ಕನೇ ಜನರೇಶನ್ ತಂದಾಗ ಅವರೂ ಶುರು ಮಾಡಿದ್ರು, ಒಂದೊಂದು ಸೈಜಿಗೂ 2 ಮಿಲಿಮೀಟರ್ ವ್ಯತ್ಯಾಸ. ಹೆಕ್ಲರ್ ಆಂಡ್ ಕೋಖ್‌ನವರ ವಿಪಿ9ನಲ್ಲಂತೂ ಹಿಂದೆ ಮಾತ್ರ ಅಲ್ಲ ಎರಡೂ ಪಕ್ಕದ ತುಂಡೂ ಬದಲಾಯಿಸ್ಬಹುದು. 2 ಮಿಲಿಮೀಟರ್ ಅಂದ್ರೆ ಏನ್ ಮಹಾ ಅನ್ಸತ್ತೆ, ಬೆರಳಿಗೆ ಮಾತ್ರ ಅದು ಟ್ರಿಗರ್ ಸಿಗೋದಕ್ಕೂ ಸಿಗದೇ ಇರೋದಕ್ಕೂ ಇರೋ ದೂರ. ಆದ್ರೆ ಬೇಜಾರಿನ ವಿಷಯ ಏನಂದ್ರೆ ಆ ಎಕ್ಸ್‌ಟ್ರಾ ತುಂಡುಗಳು ಎಷ್ಟೋ ಕಡೆ ಡಬ್ಬಿ ಒಳಗೇ ಸ್ಟೋರ್ ರೂಮಲ್ಲಿ ಬಿದ್ದಿರತ್ವೆ, ಗನ್ ಮಾತ್ರ ಹೊರಗೆ ಬರತ್ತೆ.

ಹಂಗಾಗಿ ಆರಿಸೋರು ಮೊದ್ಲು ಮಾಡ್ಬೇಕಾದ್ದು ಇದು. ಗನ್ ಖಾಲಿ ಇದೆಯಾ ಅಂತ ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ತೆಗ್ದು, ಚೇಂಬರ್ (ಹಾರೋ ಮುಂಚೆ ಗುಂಡು ಕೂರೋ ಗೂಡು) ಕಣ್ಣಲ್ಲೂ ನೋಡಿ ಬೆರಳಲ್ಲೂ ಮುಟ್ಟಿ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಸುರಕ್ಷಿತ ದಿಕ್ಕಿಗೆ ತೋರಿಸಿ ಒಂದೇ ಕೈಯಲ್ಲಿ ಎಷ್ಟು ಮೇಲೆ ಸಾಧ್ಯವೋ ಅಷ್ಟು ಮೇಲೆ ಹಿಡೀರಿ, ಬ್ಯಾರೆಲ್ಲೂ ಮುಂಗೈ ಮೂಳೆನೂ ಒಂದೇ ಗೆರೆಯಲ್ಲಿ ಬರ್ಬೇಕು. ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಆರಾಮಾಗಿ ಕೂರತ್ತಾ, ಬೆರಳಿಗೂ ಗನ್ನಿನ ಬಾಡಿಗೂ ಮಧ್ಯ ಸ್ವಲ್ಪ ಗಾಳಿ ಆಡೋ ಜಾಗ ಉಳಿಯತ್ತಾ ನೋಡಿ. ಮ್ಯಾಗಜಿನ್ ಬೀಳಿಸೋ ಬಟನ್ ಹೆಬ್ಬೆರಳಿಗೆ ಸಿಗತ್ತಾ, ಸಿಗ್ಬೇಕಾದ್ರೆ ಹಿಡಿತ ಎಷ್ಟು ಸಡಿಲ ಮಾಡ್ಬೇಕಾಗತ್ತೆ, ಸ್ಲೈಡ್, ಅಂದ್ರೆ ಗನ್ನಿನ ಮೇಲಿನ ಹಿಂದೆ ಮುಂದೆ ಜಾರೋ ಭಾಗ, ಎಳೆಯಕ್ಕೆ ಆಗತ್ತಾ, ಅದೂ ಬೆವರಿದ ಕೈಯಲ್ಲಿ, ಗ್ಲೌಸ್ ಹಾಕಿದ ಕೈಯಲ್ಲಿ. ಎಡಗೈಯವರು ಇದನ್ನ ಇನ್ನೂ ಹುಷಾರಾಗಿ ನೋಡ್ಬೇಕು, ಬಟನ್ ಎರಡೂ ಕಡೆ ಇದೆಯಾ ಅಥವಾ ಒಂದ್ ಕಡೆಯಿಂದ ಇನ್ನೊಂದ್ ಕಡೆಗೆ ಬದಲಾಯಿಸಕ್ಕೆ ಬರತ್ತಾ ಅಂತ. ಇಷ್ಟು ಪಾಸ್ ಆಗದ ಗನ್ ಎಷ್ಟೇ ಹೆಸರುವಾಸಿ ಆಗಿದ್ರೂ ನಿಮ್ದಲ್ಲ.

ಈಗ ಕ್ಯಾಲಿಬರ್, ಅಂದ್ರೆ ಬುಲೆಟ್ ದಪ್ಪದ ವಿಷಯಕ್ಕೆ ಬರ್ತೀನಿ, ನಿಮ್ಮ ಲೇಖನದಲ್ಲಿ ಅರ್ಧಕ್ಕರ್ಧ ಅದೇ ಇತ್ತು. ದೊಡ್ಡ ಬುಲೆಟ್ ಇದ್ರೆ ದೊಡ್ಡ ಧೈರ್ಯ ಅನ್ನೋ ನಂಬಿಕೆ ಹೆಂಗೆ ಬೆಳೀತು, ಹೆಂಗೆ ಇಳೀತು ಅಂತ ಗೊತ್ತಿದ್ರೆ ಹೊಸಬರು ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದು ಕಮ್ಮಿ ಆಗತ್ತೆ. 1986ರ ಏಪ್ರಿಲ್ 11ಕ್ಕೆ ಮಯಾಮಿಯಲ್ಲಿ ಎಫ್‌ಬಿಐನ ಎಂಟು ಜನ ಏಜೆಂಟ್‌ಗಳಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯ್ತು. ಇಬ್ಬರು ಏಜೆಂಟ್‌ಗಳು ಸತ್ರು, ಐದು ಜನಕ್ಕೆ ಗಾಯ ಆಯ್ತು. ದರೋಡೆಕೋರರಲ್ಲಿ ಒಬ್ಬನಿಗೆ ಶುರುವಿನಲ್ಲೇ 9 ಎಂಎಂ ಬುಲೆಟ್ ತೋಳು ತೂರಿ ಎದೆಗೆ ಹೊಕ್ಕಿತ್ತು, ಹೃದಯಕ್ಕೆ ಸ್ವಲ್ಪ ದೂರದಲ್ಲಿ ನಿಂತೋಯ್ತು, ಅವನು ಆಮೇಲೂ ಹೊಡೀತಾನೇ ಇದ್ದ. ಆ ದಿನದ ದುಃಖದಿಂದ ಎಫ್‌ಬಿಐ ಬುಲೆಟ್‌ಗಳನ್ನ ಮೈ ಮಾಂಸದ ಥರ ಇರೋ ಜೆಲಾಟಿನ್ ಗಟ್ಟಿಗೆ ಹೊಡೆದು ಪರೀಕ್ಷೆ ಮಾಡೋ ಪದ್ಧತಿ ತಂತು, ಕನಿಷ್ಠ 12 ಇಂಚು, ಹೆಚ್ಚು ಅಂದ್ರೆ 18 ಇಂಚು ಆಳ ಹೋಗ್ಬೇಕು ಅಂತ. ಅದು ಒಳ್ಳೆ ಕೆಲಸ, ಇವತ್ತಿಗೂ ಡ್ಯೂಟಿ ಬುಲೆಟ್ ಅಳೆಯೋದು ಅದ್ರಲ್ಲೇ. ಜೊತೆಗೆ ಬುಲೆಟ್ ದೊಡ್ಡದು ಮಾಡೋಣ ಅಂತ 10 ಎಂಎಂಗೆ ಹೋದ್ರು, ಅದ್ರ ಒದೆತ ತಡೆಯಕ್ಕೆ ಎಷ್ಟೋ ಜನಕ್ಕೆ ಆಗ್ಲಿಲ್ಲ. 1990ರಲ್ಲಿ ಸ್ಮಿತ್ ಆಂಡ್ ವೆಸನ್, ವಿಂಚೆಸ್ಟರ್ ಸೇರ್ಕೊಂಡು ಪಾಯಿಂಟ್ 40 ಇಂಚಿನ ಬುಲೆಟ್ ತಂದ್ರು, ಅಮೆರಿಕದ ಎಷ್ಟೋ ಇಲಾಖೆಗಳು ಸಾಲಾಗಿ ಅದ್ರ ಹಿಂದೆ ಹೋದ್ವು. ಕಡೆಗೆ ಏನಾಯ್ತು ಅಂದ್ರೆ ಬುಲೆಟ್ ಮಾಡೋ ವಿದ್ಯೆನೇ ಸುಧಾರಿಸ್ತು, 9 ಎಂಎಂ ಹಾಲೋ ಪಾಯಿಂಟ್‌ಗಳೂ (ತುದಿಯಲ್ಲಿ ಗುಳಿ ಇರೋ, ತಗುಲಿದ್ಮೇಲೆ ಅರಳೋ ಬುಲೆಟ್) ಅದೇ ಜೆಲಾಟಿನ್ ಪರೀಕ್ಷೆ ಪಾಸ್ ಆಗಕ್ಕೆ ಶುರುವಾದ್ವು. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗದವರೇ 9 ಎಂಎಂ ಸಾಕು ಅಂತ ವಾದ ಮುಂದಿಟ್ರು, 2016ರಲ್ಲಿ ಗ್ಲಾಕ್‌ಗೆ 9 ಎಂಎಂ ಗನ್ನಿನ ಕಾಂಟ್ರ್ಯಾಕ್ಟ್ ಹೋಯ್ತು. ಅವರು ಕೊಟ್ಟ ಕಾರಣ ಹೊಸಬರು ಗೋಡೆಗೆ ಬರ್ದು ಹಾಕ್ಕೋಬೇಕು, ಹೆಚ್ಚಿನ ಜನ 9 ಎಂಎಂನಲ್ಲಿ ಬೇಗನೂ ಹೊಡೀತಾರೆ, ಗುರಿನೂ ಚೆನ್ನಾಗಿ ಹಿಡೀತಾರೆ ಅನ್ನೋದು. ಒಂದೇ ಸೈಜಿನ ಗ್ಲಾಕ್‌ನಲ್ಲಿ 9 ಎಂಎಂ ಆದ್ರೆ 17 ರೌಂಡು, ಪಾಯಿಂಟ್ 40 ಆದ್ರೆ 15. ಪ್ರಾಕ್ಟೀಸ್ ರೌಂಡೂ 9 ಎಂಎಂದೇ ಅಗ್ಗ. ಇಷ್ಟಾದ್ಮೇಲೂ ಹೊಸಬರಿಗೆ ಪಾಯಿಂಟ್ 45 ತಗೊಳ್ಳಿ ಅಂತ ಸಲಹೆ ಕೊಡೋದು ನಂಗೆ ಸರಿ ಕಾಣಲ್ಲ, ದೊಡ್ಡ ಕೈ, ವರ್ಷಗಟ್ಲೆ ಅಭ್ಯಾಸ ಇರೋರು ಬೇಕಾದ್ರೆ ಇಟ್ಕೊಳ್ಳಲಿ.

ಟ್ರಿಗರ್ ಬಗ್ಗೆ ನಿಮ್ಮ ಲೇಖಕರು ಗಟ್ಟಿ ಇದ್ದಷ್ಟೂ ಸೇಫ್ ಅಂತ ಒಂದು ಸಾಲಲ್ಲಿ ಮುಗಿಸಿದಾರೆ. ಇದನ್ನ ನಾನು ಒಪ್ಪಲ್ಲ. ನ್ಯೂಯಾರ್ಕ್‌ನವರು ಇದೇ ನಂಬಿಕೆಯಿಂದ ತಮ್ಮ ಗನ್ನುಗಳಿಗೆ 12 ಪೌಂಡ್ ಟ್ರಿಗರ್ ಹಾಕಿಸಿದ್ರು, ಅಂದ್ರೆ ಸುಮಾರು ಐದೂವರೆ ಕೆಜಿ. ಗ್ಲಾಕ್‌ನಲ್ಲಿ ಮಾಮೂಲಿ ಇರೋದು ಅದ್ರ ಅರ್ಧಕ್ಕಿಂತ ಕಮ್ಮಿ. ಒಂದ್ ಸಲ ಯೋಚ್ನೆ ಮಾಡಿ, ಲೋಡ್ ಆದ ಗ್ಲಾಕ್ 19 ಒಂದ್ ಕೆಜಿ ಒಳಗಿರತ್ತೆ, ಅದ್ರ ಟ್ರಿಗರ್ ಎಳೆಯಕ್ಕೆ ಅದ್ರ ಸುಮಾರು ಆರು ಪಟ್ಟು ಬಲ ಹಾಕ್ಬೇಕು, ಅಷ್ಟು ಬಲ ಹಾಕ್ವಾಗ ಗನ್ ಅಲ್ಲಾಡ್ದೇ ಇರತ್ತಾ? ಅದೇ ಇಲಾಖೆ ಬಗ್ಗೆ ರ‍್ಯಾಂಡ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಒಂದು ಅಧ್ಯಯನ ಕೊಟ್ರು, 1998ರಿಂದ 2006ರ ತನಕದ ಲೆಕ್ಕದಲ್ಲಿ ಎದುರಾಳಿನೂ ಗುಂಡು ಹಾರಿಸ್ತಿದ್ದಾಗ ಪೊಲೀಸರ ಗುಂಡಲ್ಲಿ ಗುರಿ ಮುಟ್ಟಿದ್ದು ಸರಾಸರಿ 100ಕ್ಕೆ 18, ಎದುರಾಳಿ ಹಾರಿಸ್ದೇ ಇದ್ದಾಗ 100ಕ್ಕೆ 30. ಹಗುರ ಟ್ರಿಗರ್ ಪರೀಕ್ಷೆ ಮಾಡಿ ನೋಡಿ ಅಂತ ಅವರೇ ಹೇಳಿದ್ರು. ಟ್ರಿಗರ್ ಒಂದೇ ಇದಕ್ಕೆ ಕಾರಣ ಅಂತ ನಾನು ಹೇಳ್ತಿಲ್ಲ, ಎದೆ ಹೊಡ್ಕೊಳ್ತಿರತ್ತೆ, ಕತ್ತಲೆ ಇರತ್ತೆ, ಇಬ್ರೂ ಓಡ್ತಿರ್ತಾರೆ. ಆದ್ರೆ ಮಿಕ್ಕ ಗುಂಡುಗಳು ಎಲ್ಲಿಗೆ ಹೋದ್ವು ಅಂತ ಯಾರಾದ್ರೂ ಕೇಳ್ಬೇಕಲ್ವಾ. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮುಂದೆ ಇಬ್ಬರು ಪೊಲೀಸರು ಒಬ್ಬ ಕೊಲೆಗಾರನ ಮೇಲೆ ಗುಂಡು ಹಾರಿಸ್ದಾಗ ದಾರಿಯಲ್ಲಿ ಹೋಗ್ತಿದ್ದ ಒಂಬತ್ತು ಜನಕ್ಕೆ ಪೊಲೀಸರ ಗುಂಡು ಇಲ್ಲಾ ಅದ್ರ ಚೂರು ತಗುಲಿ ಗಾಯ ಆಯ್ತು. ಗುರಿ ತಪ್ಪಿದ ಪ್ರತಿ ಗುಂಡಿಗೂ ಹೋಗಿ ಸೇರೋ ಜಾಗ ಒಂದಿರತ್ತೆ, ಆ ಜಾಗದಲ್ಲಿ ಯಾರೋ ಒಬ್ರ ಮಗು ಇರ್ಬಹುದು. ಆಮೇಲೆ 2021ರಲ್ಲಿ ಅದೇ ಇಲಾಖೆ ಹೊಸಬರಿಗೆ ಹಗುರ ಟ್ರಿಗರ್ ಕೊಡೋ ಕಡೆ ಬಂತು. ಬೆರಳನ್ನ ಟ್ರಿಗರ್ ಹೊರಗೆ ಇಡೋದು ಕಲಿಸ್ಬೇಕಾದ್ದು ತರಬೇತಿಯಲ್ಲಿ, ಅದನ್ನ ಸ್ಪ್ರಿಂಗ್ ಕೈಲಿ ಮಾಡ್ಸಕ್ಕೆ ಹೋದ್ರೆ ಹೀಗೇ ಆಗೋದು. ಹಾಗಂತ ಡ್ಯೂಟಿ ಗನ್ನಿಗೆ ಅಂಗಡಿಯಿಂದ ಹಗುರ ಟ್ರಿಗರ್ ಕಿಟ್ ತಂದು ಹಾಕೋದು ಬೇಡ್ವೇ ಬೇಡ, ಕಂಪನಿ ಕೊಟ್ಟಿದ್ದೇ ಇರ್ಲಿ.

ಹೊಸ ಮಾಡೆಲ್ ಬಂತು ಅಂದ್ರೆ ಮುಗಿಬೀಳೋ ಚಾಳಿನೂ ಒಳ್ಳೇದಲ್ಲ. ಸಿಗ್ ಪಿ320ನ ಅಮೆರಿಕದ ಸೈನ್ಯ 2017ರ ಜನವರಿಯಲ್ಲಿ ಆರಿಸ್ಕೊಂಡಿತು, ಅದೇ ವರ್ಷ ಆಗಸ್ಟಲ್ಲಿ, ಮಾರುಕಟ್ಟೆಯಲ್ಲಿದ್ದ ಆ ಗನ್ನು ಒಂದು ಕೋನದಲ್ಲಿ ಕೆಳಗೆ ಬಿದ್ರೆ ಗುಂಡು ಹಾರ್ಬಹುದು ಅನ್ನೋ ವರದಿ ಬಂದು ಕಂಪನಿನೇ ಟ್ರಿಗರ್ ಭಾಗಗಳನ್ನ ಬದಲಾಯಿಸಿ ಕೊಡ್ತೀವಿ ಅಂತ ಹೇಳ್ಬೇಕಾಯ್ತು. ಹಂಗಾಗಿ ಗನ್ ಹೊರಗೆ ಬಂದು ಕೆಲವು ವರ್ಷ ಆಗ್ಲಿ, ಸಾವಿರಾರು ಜನ ಮಳೆ ಧೂಳು ಬೆವರಲ್ಲಿ ಹಾಕ್ಕೊಂಡು ತಿರುಗಲಿ, ಅದ್ರ ಬಿಡಿಭಾಗ ಸುಲಭವಾಗಿ ಸಿಗ್ಲಿ, ರಿಪೇರಿ ಮಾಡೋ ಆರ್ಮರರ್‌ಗೆ ಆ ಗನ್ ಗೊತ್ತಿರ್ಲಿ, ಆಮೇಲೆ ಯೋಚ್ನೆ ಮಾಡ್ಬಹುದು. ಜೊತೆಯವರ ಗನ್ನೂ ನಿಮ್ಮ ಗನ್ನೂ ಒಂದೇ ಮ್ಯಾಗಜಿನ್ ತಗೊಳ್ಳೋ ಹಂಗಿದ್ರೆ ಕಷ್ಟದ ಹೊತ್ತಲ್ಲಿ ಒಬ್ರಿಂದ ಒಬ್ರಿಗೆ ಕೊಡ್ಬಹುದು, ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಬಿಚ್ಚಿ ಕ್ಲೀನ್ ಮಾಡೋ ರೀತಿನೂ ನೋಡಿ. ಗ್ಲಾಕ್ ಬಿಚ್ಚಬೇಕಾದ್ರೆ ಮೊದ್ಲು ಟ್ರಿಗರ್ ಒತ್ಬೇಕು, ಚೇಂಬರ್ ನೋಡ್ದೇ ಒತ್ತಿ ಅನಾಹುತ ಮಾಡ್ಕೊಂಡೋರು ಇದಾರೆ, ಕೆಲವು ಬೇರೆ ಮಾಡೆಲ್‌ಗಳಲ್ಲಿ ಟ್ರಿಗರ್ ಮುಟ್ದೇ ಬಿಚ್ಚಬಹುದು. ಇದು ಸಣ್ಣ ವಿಷಯ ಅಲ್ಲ, ಹನ್ನೆರಡು ತಾಸು ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಗನ್ ಒರೆಸೋರಿಗೆ ಇದು ಗೊತ್ತು.

ಹೋಲ್‌ಸ್ಟರ್, ಅಂದ್ರೆ ಸೊಂಟದಲ್ಲಿ ಗನ್ ಇಡೋ ಚೀಲದ ವಿಷಯಕ್ಕೆ ನಿಮ್ಮ ಲೇಖನದಲ್ಲಿ ಒಂದು ಪ್ಯಾರಾನೂ ಇಲ್ಲ, ಇದು ನಂಗೆ ನಿಜವಾಗ್ಲೂ ನೋವಾಯ್ತು. ಪೊಲೀಸರ ಗನ್ ಇಡೀ ಸರ್ವಿಸಲ್ಲಿ ಹೆಚ್ಚು ಹೊತ್ತು ಇರೋದು ಕೈಯಲ್ಲಲ್ಲ, ಹೋಲ್‌ಸ್ಟರ್ ಒಳಗೆ. ಗಲಾಟೆಯಲ್ಲಿ, ಜನರ ನೂಕುನುಗ್ಗಲಲ್ಲಿ, ಕುಡಿದೋನ ಜೊತೆ ನೆಲದ ಮೇಲೆ ಉರುಳಾಡ್ವಾಗ, ಸೊಂಟದಲ್ಲಿ ಒಂದು ಗನ್ ಇದೆ ಅನ್ನೋದು ಎದುರಿನವನಿಗೂ ಗೊತ್ತಿರತ್ತೆ. ಅವನ ಕೈ ಅದ್ರ ಮೇಲೆ ಬಿದ್ರೆ ಅದು ಹೊರಗೆ ಬರ್ಬಾರ್ದು, ನಿಮ್ಮ ಕೈ ಬಿದ್ರೆ ತಡ ಆಗ್ಬಾರ್ದು. ಅದಕ್ಕೇ ಲೆವೆಲ್ 2, ಲೆವೆಲ್ 3 ಅಂತ ಲಾಕ್ ಇರೋ ಹೋಲ್‌ಸ್ಟರ್ ಬರೋದು, ಲೆವೆಲ್ ಹೆಚ್ಚಾದಷ್ಟೂ ಲಾಕ್ ಬಿಗಿ, ಕೆಲವು ಲೆವೆಲ್ 3ರಲ್ಲಿ ಹೆಬ್ಬೆರಳಲ್ಲಿ ಮೇಲಿನ ಮುಚ್ಚಳ ಕೆಳಕ್ಕೆ ಒತ್ತಿ ಮುಂದಕ್ಕೆ ತಳ್ಳಿ ಒಳಗಿನ ಲಿವರ್ ಹಿಂದಕ್ಕೆ ಎಳೆದ್ರೆ ಮಾತ್ರ ಗನ್ ಬಿಡತ್ತೆ. ಮೊದಮೊದ್ಲು ಹುಡುಗ್ರು ಇದನ್ನ ಬೈತಾರೆ, ಬೆರಳು ಸಿಕ್ಕಾಕ್ಕೊಳ್ಳತ್ತೆ ಸರ್ ಅಂತಾರೆ. ದಿನಾ ಖಾಲಿ ಗನ್ನಲ್ಲಿ ನಿಧಾನಕ್ಕೆ ಎಳೆದು ಎಳೆದು ಅಭ್ಯಾಸ ಆದ್ಮೇಲೆ ಲಾಕ್ ಇದೆ ಅನ್ನೋದೇ ಕೈಗೆ ಮರ್ತೋಗತ್ತೆ. ಪಟ್ಟಿಯಲ್ಲಿರೋ ಗನ್ ಎಷ್ಟೇ ಚೆನ್ನಾಗಿರ್ಲಿ, ಅದಕ್ಕೆ ಅಂತಲೇ ಅಚ್ಚು ಹಾಕಿದ, ಟ್ರಿಗರ್ ಜಾಗ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್ ಸಿಗಲ್ಲ ಅಂದ್ರೆ ಆ ಗನ್ ಬಿಟ್ಬಿಡಿ. ಹಳೇ ಮೆತ್ತಗಾದ ಚರ್ಮದ ಹೋಲ್‌ಸ್ಟರ್ ಬಾಯಿ ಒಳಕ್ಕೆ ಮಡಚ್ಕೊಂಡು ಗನ್ ವಾಪಸ್ ಇಡ್ವಾಗ ಆ ಮಡಿಕೆನೇ ಟ್ರಿಗರ್ ಒತ್ತಿರೋದು ಉಂಟು, ಜಾಕೆಟ್ಟಿನ ದಾರದ ಗುಂಡಿ ಒಳಗೆ ಸಿಕ್ಕಿ ಗುಂಡು ಹಾರಿರೋದೂ ಉಂಟು. ಹೊರಗೆ ತೆಗೆಯೋದ್ರಲ್ಲಿ ಅವಸರ ಇರ್ಬಹುದು, ವಾಪಸ್ ಇಡೋದ್ರಲ್ಲಿ ಯಾವತ್ತೂ ಅವಸರ ಇಲ್ಲ, ಬಗ್ಗಿ ನೋಡಿ, ಬಟ್ಟೆ ಸರಿಸಿ, ಆಮೇಲೆ ಇಡಿ.

ಬೆಲ್ಟಲ್ಲಿ ಟೇಸರ್ (ಕರೆಂಟ್ ಶಾಕ್ ಕೊಟ್ಟು ತಡೆಯೋ ಸಾಧನ) ಇಟ್ಕೊಳ್ಳೋರು ಇನ್ನೊಂದು ಗಮನಿಸ್ಬೇಕು. 2021ರಲ್ಲಿ ಮಿನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ ವರ್ಷಗಟ್ಲೆ ಅನುಭವ ಇದ್ದ ಅಧಿಕಾರಿಯೊಬ್ಬರು ಟೇಸರ್ ಟೇಸರ್ ಅಂತ ಕೂಗ್ತಾ ಪಿಸ್ತೂಲು ಹಾರಿಸಿದ್ರು, ಒಬ್ಬ ಯುವಕ ಸತ್ತ. ಅವರ ಟೇಸರ್ ಇದ್ದಿದ್ದು ಗನ್ನಿನ ಎದುರು ಪಕ್ಕದಲ್ಲೇ. ಅಂದ್ರೆ ಜಾಗ ಬೇರೆ ಮಾಡಿದ್ರೆ ಸಾಲ್ದು, ಎರಡರ ಹಿಡಿತ, ತೂಕ, ತೆಗೆಯೋ ಕೈ, ಎಲ್ಲಾನೂ ಬೇರೆ ಬೇರೆ ಅಂತ ಕೈಗೇ ಗೊತ್ತಾಗೋ ತನಕ ಎರಡನ್ನೂ ಜೊತೆಜೊತೆಗೇ ಅಭ್ಯಾಸ ಮಾಡ್ಬೇಕು.

ಲೈಟು, ರೆಡ್ ಡಾಟ್ (ಗುರಿ ಹಿಡಿಯಕ್ಕೆ ಗ್ಲಾಸ್ ಒಳಗೆ ಕೆಂಪು ಚುಕ್ಕೆ ತೋರಿಸೋ ಸಾಧನ) ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಗನ್ ಮೇಲೆ ಲೈಟ್ ಇರೋದು ಒಳ್ಳೇದು, ಕತ್ತಲೆಯಲ್ಲಿ ಎದುರಿನವನ ಕೈಯಲ್ಲಿ ಏನಿದೆ ಅಂತ ಕಾಣ್ದೇ ಗುಂಡು ಹಾರಿಸೋ ಹಕ್ಕು ಯಾರಿಗೂ ಇಲ್ಲ. ಆದ್ರೆ ದಾರಿ ಹುಡ್ಕಕ್ಕೆ, ಲೈಸೆನ್ಸ್ ಓದಕ್ಕೆ ಗನ್ ಲೈಟ್ ಬಳಸ್ಬಾರ್ದು, ಅದಕ್ಕೆ ಕೈಯಲ್ಲಿ ಬೇರೆ ಟಾರ್ಚ್ ಇರ್ಬೇಕು, ಯಾಕಂದ್ರೆ ಗನ್ ಲೈಟ್ ಹೋದ ಕಡೆಗೆಲ್ಲ ಬ್ಯಾರೆಲ್ಲೂ ಹೋಗತ್ತೆ. ಲೈಟ್ ಹಾಕಿದ್ರೆ ಹೋಲ್‌ಸ್ಟರ್ರೂ ಆ ಲೈಟಿಗೆ ಹೊಂದೋದೇ ಬೇಕು, ಆರ್ಡರ್ ಮಾಡೋ ಮುಂಚೆನೇ ಇದನ್ನ ತೀರ್ಮಾನ ಮಾಡ್ಕೊಳ್ಳಿ. ಗುರಿ ಹಿಡಿಯಕ್ಕೆ ಗನ್ ಮೇಲೆ ಇರೋ ಗುರುತಿಗೆ ಸೈಟು ಅಂತಾರೆ, ಅದ್ರಲ್ಲಿ ಟ್ರಿಟಿಯಂ ಅನ್ನೋ ವಿಕಿರಣ ಅನಿಲದಿಂದ ರಾತ್ರಿ ಹೊಳೆಯೋದು ಶಾಶ್ವತ ಅಲ್ಲ, ಸುಮಾರು 12 ವರ್ಷಕ್ಕೆ ಅದ್ರ ಶಕ್ತಿ ಅರ್ಧಕ್ಕೆ ಇಳಿಯತ್ತೆ, ಸೆಕೆಂಡ್ ಹ್ಯಾಂಡ್ ಗನ್ ತಗೊಳ್ಳೋರು ಕತ್ತಲೆ ರೂಮಲ್ಲಿ ಇಟ್ಟು ನೋಡಿ. ರೆಡ್ ಡಾಟ್ ಈಗ ಎಲ್ಲಾ ಕಡೆ ಬರ್ತಿದೆ, ಕಣ್ಣು ಎದುರಿನವನ ಮೇಲೇ ಇಟ್ಕೊಂಡು ಗುರಿ ಹಿಡಿಯಕ್ಕೆ ಆಗತ್ತೆ ಅನ್ನೋದು ದೊಡ್ಡ ಅನುಕೂಲ. ಆದ್ರೆ ಗನ್ ಎತ್ತಿದ ಕ್ಷಣ ಆ ಚುಕ್ಕೆ ಎಲ್ಲಿದೆ ಅಂತ ಹುಡುಕೋ ಸ್ಥಿತಿಯಲ್ಲಿ ಇದ್ರೆ ಅದು ಉಪಕಾರಕ್ಕಿಂತ ಉಪದ್ರವ ಜಾಸ್ತಿ. ಕಣ್ಣಲ್ಲಿ ಅಸ್ಟಿಗ್ಮಾಟಿಸಂ (ಕಣ್ಣಿನ ಆಕಾರದ ದೋಷದಿಂದ ಮಸುಕಾಗಿ ಕಾಣೋದು) ಇರೋರಿಗೆ ಚುಕ್ಕೆ ಚೆಲ್ಲಿದ ಹಂಗೆ ಕಾಣತ್ತೆ, ಅವರು ದುಡ್ಡು ಕೊಡೋ ಮುಂಚೆ ಕಣ್ಣಿಟ್ಟು ನೋಡ್ಲೇಬೇಕು. ಬ್ಯಾಟರಿ ಸಾಯತ್ತೆ, ಗ್ಲಾಸ್ ಮೇಲೆ ಮಳೆ ನೀರು ಕೂರತ್ತೆ, ಹಂಗಾಗಿ ಮಾಮೂಲಿ ಸೈಟ್ ಅದ್ರ ಮೂಲಕನೂ ಕಾಣೋ ಹಂಗಿರ್ಲಿ. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲ ವರ್ಷ ಬರೀ ಮಾಮೂಲಿ ಸೈಟಲ್ಲೇ ಕಲೀರಿ ಅಂತೀನಿ, ಬೇರೆ ಇನ್‌ಸ್ಟ್ರಕ್ಟರ್‌ಗಳು ಇದನ್ನ ಒಪ್ಪದೇ ಇರ್ಬಹುದು.

ಗುಂಡಿನ ವಿಷಯದಲ್ಲಿ ಯಾರೂ ಹೇಳದ ಒಂದು ಅಪಾಯ ಇದೆ, ಇದನ್ನ ಮಾತ್ರ ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಎಷ್ಟೋ ಜನ ದಿನಾ ಮನೆಗೆ ಬಂದ್ಮೇಲೆ ಗನ್ ಖಾಲಿ ಮಾಡ್ತಾರೆ, ಬೆಳಗ್ಗೆ ಅದೇ ಮೇಲಿನ ರೌಂಡನ್ನೇ ಮತ್ತೆ ಚೇಂಬರ್‌ಗೆ ಹಾಕ್ತಾರೆ. ಪ್ರತಿ ಸಲ ಸ್ಲೈಡ್ ಮುಂದಕ್ಕೆ ಹೊಡೆದಾಗ ಆ ಬುಲೆಟ್ ತಲೆ ಕೇಸ್ (ಮದ್ದು ತುಂಬಿರೋ ಲೋಹದ ಕೊಳವೆ) ಒಳಕ್ಕೆ ಒಂಚೂರು ಒಂಚೂರೇ ಕುಸೀಬಹುದು. ತಿಂಗಳು ಕಳೆದ ಮೇಲೆ ಅದನ್ನ ಹೊಸ ರೌಂಡಿನ ಪಕ್ಕ ಟೇಬಲ್ ಮೇಲೆ ನಿಲ್ಲಿಸಿ ನೋಡಿ, ಗಿಡ್ಡ ಆಗಿರೋದು ಬರಿಗಣ್ಣಿಗೇ ಕಾಣ್ಬಹುದು. ಒಳಗೆ ಜಾಗ ಕಮ್ಮಿ ಆದ್ರೆ ಹಾರಿಸ್ದಾಗ ಒತ್ತಡ ಮಿತಿ ಮೀರತ್ತೆ, ಗನ್ನೇ ಒಡೆದು ಕೈಗೆ ಪೆಟ್ಟಾಗ್ಬಹುದು. ಹಂಗಾಗಿ ಆ ರೌಂಡನ್ನ ಆಗಾಗ ಅಳೆದು ನೋಡಿ, ಒಂಚೂರು ಗಿಡ್ಡ ಕಂಡ್ರೂ ಬಳಸ್ದೇ ಪಕ್ಕಕ್ಕೆ ತೆಗೆದಿಡಿ. ಇನ್ನು ಡ್ಯೂಟಿಗೆ ಹಾಕ್ಕೊಳ್ಳೋ ಹಾಲೋ ಪಾಯಿಂಟ್ ರೌಂಡ್ ನಿಮ್ಮದೇ ಗನ್ನಲ್ಲಿ, ನಿಮ್ಮದೇ ಮ್ಯಾಗಜಿನ್‌ಗಳಲ್ಲಿ, ಒಂದೂ ಸಿಕ್ಕಾಕ್ಕೊಳ್ದೇ ಓಡತ್ತೆ ಅಂತ ರೇಂಜಲ್ಲಿ ಹೊಡೆದು ಖಾತ್ರಿ ಆಗೋ ತನಕ ಆ ಗನ್ ನಂಬ್ಬೇಡಿ. ಪ್ರಾಕ್ಟೀಸ್‌ಗೆ ಬಳಸೋ ದುಂಡು ಮೂತಿ ಬುಲೆಟ್ ಓಡಿದ್ರೆ ಹಾಲೋ ಪಾಯಿಂಟೂ ಓಡತ್ತೆ ಅಂತೇನಿಲ್ಲ. ಮ್ಯಾಗಜಿನ್‌ಗಳಿಗೆ ನಂಬರ್ ಬರೀರಿ, ಯಾವುದು ಕೈ ಕೊಡ್ತಿದೆ ಅಂತ ಆಗ ಗೊತ್ತಾಗತ್ತೆ, ಸಿಮೆಂಟ್ ನೆಲಕ್ಕೆ ಬೀಳಿಸಿ ಬೀಳಿಸಿ ಬಾಯಿ ಸೊಟ್ಟಗಾದ್ದನ್ನ ಪ್ರಾಕ್ಟೀಸ್‌ಗೆ ಇಟ್ಕೊಳ್ಳಿ.

ಒಂದೇ ಕೈಯಲ್ಲಿ ಗನ್ ನಡೆಸೋದನ್ನೂ ಆರಿಸ್ವಾಗ್ಲೇ ಪರೀಕ್ಷೆ ಮಾಡ್ಬೇಕು. ಮಯಾಮಿ ಘಟನೆಯಲ್ಲಿ ಕೊನೆಗೆ ಆ ಇಬ್ಬರನ್ನ ತಡೆದ ಏಜೆಂಟ್ ಎಡ್ಮುಂಡೊ ಮಿರೆಲೆಸ್‌ಗೆ ಎಡಗೈ ಮೂಳೆ ಚೂರಾಗಿತ್ತು, ಅವರು ಪಂಪ್ ಶಾಟ್‌ಗನ್ ಅನ್ನ ಒಂದೇ ಕೈಯಲ್ಲಿ ಎಳೆದು ಎಳೆದು ಹೊಡೆದ್ರು, ಆಮೇಲೆ ರಿವಾಲ್ವರ್ ತೆಗೆದು ಮುಂದೆ ನಡೆದ್ರು. 1970ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಒಂದೇ ರಾತ್ರಿ ನಾಲ್ಕು ಜನ ಹೈವೇ ಪೊಲೀಸರು ಸತ್ರು, ಅವರಲ್ಲಿ ಒಬ್ರು ಸತ್ತಿದ್ದು ಗಾಯ ಆಗಿ ರಿವಾಲ್ವರ್‌ಗೆ ಗುಂಡು ತುಂಬ್ಕೊಳ್ತಿರ್ವಾಗ. ಈ ಜನ ಕೊಟ್ಟ ಬೆಲೆಯಿಂದ ನಮಗೆ ಪಾಠ ಸಿಕ್ಕಿರೋದು, ಅದನ್ನ ಮರೆಯೋದು ಅವರಿಗೆ ಮಾಡೋ ಅನ್ಯಾಯ. ಬಲಗೈ ಒಂದರಲ್ಲಿ, ಆಮೇಲೆ ಎಡಗೈ ಒಂದರಲ್ಲಿ ಹೊಡೆದು ನೋಡಿ, ಗನ್ ಪ್ರತಿ ಸಲ ಸರಿಯಾಗಿ ಕೇಸ್ ಹೊರಗೆ ಎಸೆದು ಮುಂದಿನ ರೌಂಡ್ ತಗೊಳ್ಳತ್ತಾ ನೋಡಿ. ತುಂಬಾ ಚಿಕ್ಕ, ಹಗುರ ಗನ್ನುಗಳು ಇಲ್ಲೇ ತೊಂದ್ರೆ ಕೊಡೋದು, ಸೊಂಟಕ್ಕೆ ಹಾಯಾಗಿರತ್ತೆ ಅಂತ ಡ್ಯೂಟಿಗೆ ಚಿಕ್ಕದು ತಗೋಬೇಡಿ, ಫುಲ್ ಸೈಜ್ ಇಲ್ಲಾ ಗ್ಲಾಕ್ 19 ಥರದ ಮಧ್ಯಮ ಸೈಜ್ ಸರಿ.

ದುಡ್ಡಿನ ಬಗ್ಗೆ ಒಂದೇ ಮಾತು, ಕೈಲಿರೋದ್ನೆಲ್ಲ ಗನ್ನಿಗೇ ಸುರೀಬೇಡಿ. ಮಧ್ಯಮ ದರ್ಜೆ ನಂಬಿಕಸ್ತ ಗನ್ನು, ಒಳ್ಳೆ ಹೋಲ್‌ಸ್ಟರ್ರು, ಗಟ್ಟಿ ಬೆಲ್ಟು, ಬಾಕಿ ಎಲ್ಲಾ ಪ್ರಾಕ್ಟೀಸ್ ರೌಂಡಿಗೆ ಮತ್ತೆ ಮನೆಯಲ್ಲಿ ಗನ್ ಬೀಗ ಹಾಕಿ ಇಡೋ ಲಾಕರ್‌ಗೆ. ಲಾಕರ್ ಮರೀಬೇಡಿ, ಮನೆಯಲ್ಲಿ ಮಕ್ಕಳಿದ್ರೂ ಇಲ್ದಿದ್ರೂ.

ಕಡೆಗೆ ಇಲಾಖೆ ನಡೆಸೋರಿಗೆ ನಿಮ್ಮ ಪೇಪರ್ ಮೂಲಕ ಒಂದು ಕೇಳಿಕೆ. ಹೊಸಬರಿಗೆ ಪಟ್ಟಿ ಕೊಟ್ಟು ಇಂಥ ತಾರೀಖಿನ ಒಳಗೆ ಹೆಸರು ಬರ್ಸಿ ಅಂತ ಹೇಳೋದು ನಿಲ್ಲಿಸಿ. ಪಟ್ಟಿಯಲ್ಲಿರೋ ಪ್ರತಿಯೊಂದು ಮಾಡೆಲ್‌ದೂ ಒಂದೊಂದು ಗನ್ ತಂದು ರೇಂಜಲ್ಲಿ ಇಡಿ, ಹಿಂದಿನ ತುಂಡುಗಳನ್ನ ಸ್ಟೋರ್ ರೂಮಿಂದ ಹೊರಗೆ ತನ್ನಿ, ಪ್ರತಿಯೊಬ್ರ ಕೈನೂ ಒಬ್ಬ ಇನ್‌ಸ್ಟ್ರಕ್ಟರ್ ಹತ್ರದಿಂದ ನೋಡ್ಲಿ, ಎಲ್ಲಾದ್ರಲ್ಲೂ ಒಂದಷ್ಟು ರೌಂಡ್ ಹೊಡೆದ್ಮೇಲೆ ಟಾರ್ಗೆಟ್ ಪೇಪರ್ ಪಕ್ಕಪಕ್ಕ ಹಾಕಿ ತೀರ್ಮಾನ ಮಾಡ್ಲಿ. ಒಂದ್ ದಿನದ ಕೆಲಸ. ಒಂದೇ ಗನ್ ಕೊಡೋ ಇಲಾಖೆಗಳು ಕನಿಷ್ಠ ಅದ್ರ ಚಿಕ್ಕ ಗ್ರಿಪ್ಪಿನ ಮಾಡೆಲ್ ಒಂದನ್ನ ಜೊತೆಗೆ ತರಿಸ್ಲಿ. ಶೂಟಿಂಗ್‌ನಲ್ಲಿ ಫೇಲ್ ಅಂತ ಯಾರನ್ನಾದ್ರೂ ಮನೆಗೆ ಕಳಿಸೋ ಮುಂಚೆ, ಆ ಫೈಲಿಗೆ ಸಹಿ ಹಾಕೋ ಅಧಿಕಾರಿ, ಅವರ ಬೆರಳು ಟ್ರಿಗರ್ ತನಕ ಮುಟ್ತಿತ್ತಾ ಅಂತ ಕೇಳಿ ಬರ್ಸಿಕೊಳ್ಳಲಿ.

ಇಂತಿ,
ನಿವೃತ್ತ ಫೈರಿಂಗ್ ಇನ್‌ಸ್ಟ್ರಕ್ಟರ್